ಈ ಬರಕ್ಕೆ ಹವಾಮಾನ ಬದಲಾವಣೆಯೇ ಕಾರಣವೇ? ಸರ್ಕಾರ ಹೇಳುವುದೊಂದು, ವಿಜ್ಞಾನಿಗಳು ಹೇಳುವುದೊಂದು

ಪ್ರಶ್ನೆ: ಮಳೆ ಕೈಕೊಟ್ಟಾಗಲೆಲ್ಲ ಮಂತ್ರಿಗಳು ‘ಹವಾಮಾನ ಬದಲಾವಣೆಯಿಂದ ಬರ ಬಂದಿದೆ’ ಎನ್ನುತ್ತಾರೆ. ವಿಜ್ಞಾನಿಗಳು ‘ಹಾಗೆ ಖಚಿತವಾಗಿ ಹೇಳಲಾಗದು’ ಎಂದು ಜಾರಿಕೊಳ್ಳುತ್ತಾರೆ. 2023ರಲ್ಲಿ ನಮ್ಮ ಹೊಲದ ಮೆಕ್ಕೆಜೋಳ ನೋಡಲು ಹಸಿರಾಗಿಯೇ ಇತ್ತು, ಕಾಳು ಮಾತ್ರ ಕಟ್ಟಲಿಲ್ಲ. ಇದು ಬರವೋ ಅಲ್ಲವೋ ಎಂದೇ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಯಾರ ಮಾತನ್ನು ನಂಬಬೇಕು?
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ವಿಜ್ಞಾನಿಗಳು ಜಾರಿಕೊಳ್ಳುತ್ತಿಲ್ಲ. ಭೂಮಿ ಬಿಸಿಯಾಗುತ್ತಿದೆ ಎನ್ನುವುದರ ಬಗ್ಗೆ ನಮ್ಮ ರಾಜ್ಯ ಸರ್ಕಾರಗಳಿಗೂ ಅವರಿಗೂ ತಕರಾರಿಲ್ಲ. ಈ ವರ್ಷದ, ಈ ತಾಲ್ಲೂಕಿನ ಬರವನ್ನು ಅದರ ತಲೆಗೆ ಕಟ್ಟಬಹುದೇ ಎಂಬಲ್ಲಿ ತಕರಾರಿದೆ. ಹೊಲದಲ್ಲಿ ಏನಾಯಿತು ಎಂಬ ವಿಷಯದಲ್ಲಿ 2023ರಲ್ಲಿ ರಾಜ್ಯ ಸರ್ಕಾರದ ಮಾತು ಸರಿಯಿತ್ತು. ಏಕೆ ಆಯಿತು ಎಂಬ ವಿಷಯದಲ್ಲಿ ನಾನು ವಿಜ್ಞಾನಿಗಳ ಪಕ್ಷ.

ಕಾರಣದಿಂದಲೇ ಶುರು ಮಾಡೋಣ. 2023 ಎಲ್ ನಿನೊ ವರ್ಷ. ಆ ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆಯಾಗಿ, 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ ಎನಿಸಿಕೊಂಡಿತು. ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯೇರಿ ಸಾಮಾನ್ಯವಾಗಿ ನಮ್ಮ ಮುಂಗಾರನ್ನು ಕುಗ್ಗಿಸುವ ಈ ಎಲ್ ನಿನೊ ಹೊಸದಲ್ಲ. ಮೈಸೂರು ಸೀಮೆಯ ಹಳಬರು ಧಾತು ಈಶ್ವರದ ಬರ ಎಂದು ಹೇಳುತ್ತಿದ್ದ 1876–78ರ ಮಹಾಕ್ಷಾಮದ ಹಿಂದೆಯೂ ಅದೇ ಇತ್ತು. ಆಗ ವಾತಾವರಣದಲ್ಲಿ ಇಂದಿನಷ್ಟು ಇಂಗಾಲ ಇರಲಿಲ್ಲ. ಹೀಗಾಗಿ ಒಂದು ವರ್ಷ ಮಳೆ ಬಾರದಿದ್ದರೆ ‘ಇದು ತಾಪಮಾನ ಏರಿಕೆಯ ಫಲ’ ಎಂದು ಸಹಿ ಹಾಕಿಕೊಡಲು ವಿಜ್ಞಾನಿ ಹಿಂಜರಿಯುತ್ತಾನೆ.

ಹಾಗೆಂದು ಹವಾಮಾನ ಬದಲಾವಣೆಗೂ ಬರಕ್ಕೂ ಸಂಬಂಧವಿಲ್ಲ ಎಂದಲ್ಲ. ಒಣಗುತ್ತಿರುವ ಪ್ರದೇಶಗಳಲ್ಲಿ ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಕೃಷಿ ಬರದ ಸಾಧ್ಯತೆ, ತಾಪಮಾನ 1 ಡಿಗ್ರಿ ಏರಿದ್ದರಿಂದ 1.7 ಪಟ್ಟಾಗಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಹೇಳಿದೆ. ದಕ್ಷಿಣ ಏಷ್ಯಾದ ಮಾತು ಬಂದಾಗ ಅದೇ ಸಮಿತಿ ಎಚ್ಚರದಿಂದ ಮಾತಾಡುತ್ತದೆ, ಏಕೆಂದರೆ ಮುಂದಿನ ದಶಕಗಳಲ್ಲಿ ನಮ್ಮ ಮುಂಗಾರಿನ ಒಟ್ಟು ಮಳೆ ಹೆಚ್ಚುತ್ತದೆ ಎಂದೇ ಬಹುತೇಕ ಅಂದಾಜುಗಳು ತೋರಿಸುತ್ತವೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆ ನೀರು ಹದವಾಗಿ ಸುರಿಯದೆ ಎರಡು ದಿನ ಧೋ ಎಂದು ಹೊಯ್ದು, ಆಮೇಲೆ ಮೂರು ವಾರ ಮುಖ ತೋರಿಸದಿದ್ದರೆ? ಬಿಸಿಲಿಗೆ ಮಣ್ಣಿನ ತೇವವೂ ಬೇಗ ಆರುತ್ತದೆ. ವರ್ಷದ ಲೆಕ್ಕದಲ್ಲಿ ಮಳೆ ವಾಡಿಕೆ, ಹೊಲದಲ್ಲಿ ಬರ.

ಕಾರಣ ಹುಡುಕುವ ಅಧ್ಯಯನಗಳು ಎರಡೂ ಕಡೆ ವಾಲುತ್ತವೆ ಎನ್ನುವುದನ್ನು ಗಮನಿಸಿ. ಮಡಗಾಸ್ಕರ್‌ನ ಬರಕ್ಕೆ ಹವಾಮಾನ ಬದಲಾವಣೆಯ ಪಾತ್ರ ಅಷ್ಟಕ್ಕಷ್ಟೆ, ಅಲ್ಲಿನ ಹಸಿವಿನಲ್ಲಿ ಬಡತನದ ಪಾತ್ರ ದೊಡ್ಡದು ಎಂದು 2021ರಲ್ಲಿ ಹೇಳಿದ ವಿಜ್ಞಾನಿಗಳ ತಂಡವೇ, 2023ರಲ್ಲಿ ಪೂರ್ವ ಆಫ್ರಿಕಾದ ಕೃಷಿ ಬರದ ಸಾಧ್ಯತೆ ತಾಪಮಾನ ಏರಿಕೆಯಿಂದ ಕನಿಷ್ಠ 100 ಪಟ್ಟು ಹೆಚ್ಚಿದೆ ಎಂದು ಹೇಳಿತು. ಅಲ್ಲಿಯೂ ಮಳೆಯ ಅಭಾವಕ್ಕಿಂತ ಬಿಸಿಯಿಂದ ನೀರು ಆವಿಯಾಗಿದ್ದೇ ಮುಖ್ಯ.

ಇನ್ನು ಸರ್ಕಾರದ ಕಡೆ. ಬರ ಘೋಷಿಸುವುದು ಹವಾಮಾನ ಇಲಾಖೆಯಲ್ಲ, ರಾಜ್ಯ ಸರ್ಕಾರ. ಘೋಷಿಸಿದರೆ ಹಣ ಕೊಡಬೇಕಾಗುತ್ತದೆ, ಘೋಷಿಸದಿದ್ದರೆ ರೈತರು ಬೀದಿಗಿಳಿಯುತ್ತಾರೆ. 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ್ ಸಂಘಟನೆ ಹೂಡಿದ್ದ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಬರವನ್ನು ಒಪ್ಪಿಕೊಳ್ಳಲು ಮೀನಮೇಷ ಎಣಿಸುತ್ತಿದ್ದ ಬಿಹಾರ, ಗುಜರಾತ್ ಮತ್ತು ಹರಿಯಾಣ ಸರ್ಕಾರಗಳದ್ದು ಉಷ್ಟ್ರಪಕ್ಷಿಯ ಧೋರಣೆ ಎಂದು ಜರೆದಿತ್ತು. ಬರ ನಿರ್ವಹಣಾ ಕೈಪಿಡಿಯನ್ನು ಪರಿಷ್ಕರಿಸಲು ಕೇಂದ್ರಕ್ಕೆ ಗಡುವನ್ನೂ ಕೊಟ್ಟಿತು.

ಆ ವರ್ಷದ ಕೊನೆಗೆ ಹೊಸ ಕೈಪಿಡಿ ಬಂತು. ಅದರ ಪ್ರಕಾರ ಬರ ಅಳೆಯುವಾಗ ಮೊದಲು ಮಳೆಯ ಕೊರತೆ ಮತ್ತು ಒಣ ವಾರಗಳ ಲೆಕ್ಕ, ನಂತರ ಬಿತ್ತನೆ ಪ್ರದೇಶ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲ. ಕೊನೆಗೆ ಆಯ್ದ ಊರುಗಳಲ್ಲಿ ಸ್ಥಳ ಪರಿಶೀಲನೆ. ತೀವ್ರ ಬರವಾದರೆ ಮಾತ್ರ ಕೇಂದ್ರದ ವಿಪತ್ತು ನಿಧಿಯ ಬಾಗಿಲು ತೆರೆಯುತ್ತದೆ. ಸಾಧಾರಣ ಬರವನ್ನು ರಾಜ್ಯವೇ ನೋಡಿಕೊಳ್ಳಬೇಕು. ಕಾಗದದ ಮೇಲೆ ಇದು ಶುದ್ಧ ವಿಜ್ಞಾನ. ನಿಮ್ಮ ಮೆಕ್ಕೆಜೋಳ ಎಡವಿದ್ದು ಇಲ್ಲಿಯೇ.

ಮೆಕ್ಕೆಜೋಳ ಸೂಲಂಗಿ (ತುದಿಯ ಗಂಡು ಹೂವು) ಬಿಟ್ಟು ತೆನೆಯ ಎಳೆಗಳು ಹೊರಬರುವ ಹೊತ್ತಿನಲ್ಲಿ ತೇವ ತಪ್ಪಿದರೆ ಪರಾಗ ಕೂಡುವುದಿಲ್ಲ, ಕಾಳು ಕಟ್ಟುವುದಿಲ್ಲ. ಆಮೇಲೆ ಒಂದು ಮಳೆ ಬಿದ್ದರೆ ಗಿಡ ಮತ್ತೆ ನಳನಳಿಸುತ್ತದೆ. ತೆನೆ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದು ಬರೀ ದಂಟು. ಉಪಗ್ರಹ ನೋಡುವುದು ಎಲೆಯ ಹಸಿರನ್ನು. ತೆನೆ ಸುಲಿಯುವ ಸೌಲಭ್ಯ ಅದಕ್ಕಿಲ್ಲ. ಇದನ್ನೇ ಕಂದಾಯ ಸಚಿವ ಕೃಷ್ಣ ಬೈರೇಗೌಡರು ‘ಹಸಿರು ಬರ’ ಎಂದು ಕೇಂದ್ರದ ಮುಂದಿಟ್ಟರು. ರಾಜ್ಯವು ಕೈಪಿಡಿಯ ಮಾನದಂಡಗಳನ್ನು ಸಡಿಲಿಸುವಂತೆಯೂ ಕೇಳಿತು. ಆ ವಾದ ರಾಜಕೀಯದ್ದಲ್ಲ, ಸಸ್ಯಶಾಸ್ತ್ರದ್ದು. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳಿಂದ ಶುರುವಾದ ಪಟ್ಟಿ ಕೊನೆಗೆ 236ರಲ್ಲಿ 223ಕ್ಕೆ ಮುಟ್ಟಿತು. ರಾಜ್ಯ ಕೇಳಿದ್ದು ₹18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು ₹3,454 ಕೋಟಿ.

ಇನ್ನೊಂದು ಸೂಕ್ಷ್ಮ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ದೇಶದ ಮುಂಗಾರಿನ ವಾಡಿಕೆ ಮಳೆ ಒಂದು ಕಾಲಕ್ಕೆ 89 ಸೆಂ.ಮೀ. ಇತ್ತು, ನಂತರ 88, ಈಗ 1971–2020ರ ಸರಾಸರಿಯಂತೆ 87. ಹತ್ತು ವರ್ಷಕ್ಕೊಮ್ಮೆ ಸರಾಸರಿ ಬದಲಿಸುವುದು ಹಲವು ದೇಶಗಳಲ್ಲಿ ಇರುವ ಪದ್ಧತಿ, ಮೋಸವೇನಲ್ಲ. ಆದರೆ ವಾಡಿಕೆ ಇಳಿದರೆ ಅಷ್ಟೇ ಮಳೆಗೆ ಕೊರತೆಯ ಶೇಕಡಾವಾರು ಚಿಕ್ಕದಾಗಿ ಕಾಣುತ್ತದೆ.

ಹಾಗಾದರೆ ಸರ್ಕಾರಗಳಿಗೆ ಹವಾಮಾನ ಬದಲಾವಣೆ ಎಂಬ ಮಾತು ಏಕೆ ಅಷ್ಟು ಪ್ರಿಯ? ಆಕಾಶದ ಮೇಲೆ ಗೂಬೆ ಕೂರಿಸಿದರೆ ಯಾರನ್ನೂ ಅಮಾನತು ಮಾಡಬೇಕಾಗಿಲ್ಲ. ಒತ್ತುವರಿಯಾದ ಕೆರೆ, ಹೂಳು ತುಂಬಿದ ಕಾಲುವೆ, ಸಾವಿರ ಅಡಿ ದಾಟಿದ ಕೊಳವೆಬಾವಿ, ಒಣ ಸೀಮೆಯಲ್ಲಿ ನೀರು ಕುಡಿಯುವ ಬೆಳೆ ಇವೆಲ್ಲ ಚರ್ಚೆಯಿಂದ ಆಚೆ ಸರಿಯುತ್ತವೆ. ಇತ್ತ ವಿಜ್ಞಾನಿಗಳಿಗೂ ಒಂದು ಮಾತು. ಬರ ಅಳೆಯಲೆಂದೇ ಕರ್ನಾಟಕ 1988ರಲ್ಲಿ ಘಟಕವೊಂದನ್ನು ಕಟ್ಟಿತು, ದೇಶದಲ್ಲಿ ಅದೇ ಮೊದಲು. ಅದೀಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದ್ದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಹೊಂದಿದೆ. ಇಷ್ಟು ಹತ್ತಿರದ ಅಳತೆ ಕೈಯಲ್ಲಿರುವಾಗ ಇಡೀ ತಾಲ್ಲೂಕಿನ ಸರಾಸರಿ ಹಿಡಿದು ಮಾತಾಡುವುದು ಸೋಮಾರಿತನ.

ನಿಮ್ಮ ಪಂಚಾಯಿತಿಯ ಮಳೆಮಾಪಕದ ವಾರವಾರದ ಅಂಕಿಗಳನ್ನು ತೆಗೆದಿಟ್ಟುಕೊಳ್ಳಿ. ಕಾಳಿಲ್ಲದ ತೆನೆಯ ಚಿತ್ರವನ್ನು ದಿನಾಂಕ ಸಹಿತ ತೆಗೆದು, ಪರಿಶೀಲನೆಗೆ ಬಂದವರಿಗೆ ಅಂಕಿಗಳ ಜೊತೆ ಕೊಡಿ.

ಪ್ರಶ್ನೆ: ಮೋಡ ಬಿತ್ತನೆ ಮಾಡಿದರೆ ಬರ ನೀಗುವುದಿಲ್ಲವೇ? ವಿಜ್ಞಾನಿಗಳು ಅದಕ್ಕೂ ತಲೆಯಾಡಿಸುವುದಿಲ್ಲವಲ್ಲ.
– ಇನ್ನೊಬ್ಬ ಓದುಗರು, ಗದಗ

ಉತ್ತರ: 2017ರಲ್ಲಿ ‘ವರ್ಷಧಾರೆ’ ಹೆಸರಿನಲ್ಲಿ ರಾಜ್ಯ ಇದನ್ನು ಮಾಡಿದೆ. 2019ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆಯೂ ನಡೆಯಿತು. ನಗಬೇಡಿ, 2011ರ ಬರದಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯಪಾಲರು ಮೂರು ದಿನ ಮಳೆಗಾಗಿ ಪ್ರಾರ್ಥಿಸುವಂತೆ ಅಧಿಕೃತವಾಗಿಯೇ ಕರೆ ಕೊಟ್ಟಿದ್ದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೋಲಾಪುರದಲ್ಲಿ ನಡೆಸಿದ ಪ್ರಯೋಗದಲ್ಲಿ ಮಳೆ ಸುಮಾರು ಶೇ 18ರಷ್ಟು ಹೆಚ್ಚಿದ್ದು ಕಂಡುಬಂದಿದೆ. ಆದರೆ ಅದು ಬಿತ್ತನೆಗೆ ತಕ್ಕ ಮೋಡಗಳಿದ್ದಾಗ. ಬರದ ಆಗಸ್ಟ್‌ನಲ್ಲಿ ಆ ಮೋಡಗಳಿಗೇ ಬರ. ಸೋಲಾಪುರದಲ್ಲಿ ಕೆಲವು ಮೋಡಗಳನ್ನು ಬಿತ್ತದೆ ಬಿಟ್ಟು ಹೋಲಿಸಿದ್ದರಿಂದ ಆ ಅಂಕಿಗೆ ಬೆಲೆಯಿದೆ. ಮುಂದಿನ ಸಲ ವಿಮಾನ ಹಾರಿಸುವಾಗ ಸರ್ಕಾರವೂ ಹಾಗೆ ಹೋಲಿಸಿ ನೋಡುತ್ತದೆಯೇ ಎಂದು ನಿಮ್ಮ ಶಾಸಕರನ್ನು ಕೇಳಿ.