23ನೇ ಮನೆಯ ಅಜ್ಜಿ

ಮನಸ್ಸಿನ ಕಷ್ಟ ಹೇಳಿಕೊಳ್ಳಲು ನನ್ನ ಹತ್ತಿರ ಬಂದ, ಮಲೆನಾಡಿನ ಒಬ್ಬ ಆಶಾ ಕಾರ್ಯಕರ್ತೆ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

"ಮೇಡಂ, ನಾನು ಕಲ್ಲಾಗಿಬಿಟ್ಟಿದೀನಿ ಅನ್ಸುತ್ತೆ" ಅಂತಲೇ ಮಾತು ಶುರು ಮಾಡಿದರು. ಯಾವ ಮನೆಯ ಸೊಸೆ ಬಸುರಿ, ಯಾರಿಗೆ ಬಿಪಿ, ಎಲ್ಲವೂ ಬಾಯಲ್ಲೇ ಇದ್ದ ಹೆಂಗಸು. ಈಗ ಜನರ ಹೆಸರು ಬರುತ್ತಿಲ್ಲ, ಮನೆ ನಂಬರ್ ಬರುತ್ತದೆ. ದರಗು, ಅಂದರೆ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೊರಟಿದ್ದ 23ನೇ ಮನೆಯ ಅಜ್ಜಿ, ಉಣುಗು (ಉಣ್ಣೆ) ಕಚ್ಚದ ಹಾಗೆ ಹಚ್ಚುವ ಡೇಪಾ ಎಣ್ಣೆ ವಾಸನೆ, ಬೇಡ ಅಂದರಂತೆ. ಮೊದಲಾಗಿದ್ದರೆ ಜಗಲಿಯಲ್ಲಿ ಕೂತು, ಪುಸಲಾಯಿಸಿ, ತಾವೇ ಕಾಲಿಗೆ ಹಚ್ಚಿ ಕಳಿಸುತ್ತಿದ್ದರು. ಈ ಸಲ ಬಾಟಲಿ ಕಟ್ಟೆ ಮೇಲಿಟ್ಟು, ಸಹಿ ಹಾಕಿಸಿಕೊಂಡು ಬಂದುಬಿಟ್ಟರು. ಮಂಗನ ಕಾಯಿಲೆ ಮೊದಲು ಕಂಡಿದ್ದೇ 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಕಚ್ಚಿದರೆ ಏನಾಗುತ್ತೆ ಅಂತ ಆಕೆಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ರಾತ್ರಿ ನಿದ್ದೆ ಬಂದಿಲ್ಲ.

ಇದು ಕಲ್ಲು ಮನಸ್ಸಲ್ಲ. 1981ರಲ್ಲಿ ಮನೋವಿಜ್ಞಾನಿಗಳಾದ ಮಾಸ್ಲಾಕ್ ಮತ್ತು ಜಾಕ್ಸನ್ ರೂಪಿಸಿದ ಬರ್ನ್‌ಔಟ್ (ಕೆಲಸದಿಂದ ಪೂರ್ತಿ ದಣಿದುಹೋಗುವುದು) ಅಳತೆಪಟ್ಟಿಯಲ್ಲಿ ಮೂರು ಲಕ್ಷಣಗಳಿವೆ: ಮನಸ್ಸು ಬತ್ತಿಹೋಗುವುದು, ಎದುರಿಗಿರುವವರು ಮನುಷ್ಯರು ಅನ್ನೋದೇ ಮರೆಯುವುದು, ತನ್ನಿಂದ ಏನೂ ಆಗಲ್ಲ ಅನ್ನಿಸುವುದು. ಹೆಸರಿನ ಬದಲು ಮನೆ ನಂಬರ್ ಬರುವುದು ಎರಡನೆಯ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ರೋಗ ಅನ್ನುವುದಿಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅನ್ನುತ್ತದೆ.

ಹಾಗಾಗಿ ಕೆಲಸದ ಬಗ್ಗೆಯೇ ಕೇಳಿದೆ. ಜ್ವರದ ಸಮೀಕ್ಷೆ ಮಧ್ಯಾಹ್ನದೊಳಗೆ ಬೇಕು ಅಂತ ಒಬ್ಬರು, ಮೊಬೈಲ್ ಎಂಟ್ರಿ ಮೊದಲು ಅಂತ ಇನ್ನೊಬ್ಬರು, ಮೀಟಿಂಗಿಗೆ ಬಾ ಅಂತ ಮತ್ತೊಬ್ಬರು. ಗುಡ್ಡದ ಆಚೆ ಮನೆಯಲ್ಲಿ ನೆಟ್‌ವರ್ಕೇ ಇಲ್ಲ. ಯಾರೋ ಯೋಗ ಮಾಡು ಅಂದಿದ್ದರಂತೆ. ಯೋಗ ಒಳ್ಳೇದೇ, ಆದರೆ ಮಾಡೋದು ಯಾವಾಗ?

ಒಂದು ವಾರ ಯಾರು, ಏನು, ಎಷ್ಟು ಹೊತ್ತಿಗೆ ಕೇಳಿದರು ಅಂತ ಬರೆದಿಡಿ ಅಂದೆ. ಮೇಲ್ವಿಚಾರಕಿ ಹತ್ತಿರ ಒಬ್ಬರೇ ಹೋಗಬೇಡಿ, ಪಕ್ಕದ ಊರಿನ ಇಬ್ಬರು ಆಶಾಗಳನ್ನು ಕರೆದುಕೊಳ್ಳಿ. ಮೇಲ್ವಿಚಾರಕಿಯ ಮುಂದೆ ಹಾಳೆ ಇಟ್ಟು, "ಇದರಲ್ಲಿ ಯಾವುದು ಮೊದಲು, ನೀವೇ ಹೇಳಿ" ಅಂತಷ್ಟೇ ಕೇಳಿ. ಯಾವ ಮನೆ ಯಾವ ದಿನ ಅನ್ನೋದು ಮಾತ್ರ ನಿಮ್ಮ ತೀರ್ಮಾನಕ್ಕೇ ಬಿಡಲಿ. ಹೊರೆ ಇಳಿಯದಿದ್ದರೂ ಹಿಡಿತ ಕೈಯಲ್ಲಿದ್ದರೆ ದಣಿವು ಕಮ್ಮಿ. ಇದು ನನ್ನ ಮಾತಲ್ಲ, ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ಕರಾಸೆಕ್ 1979ರಲ್ಲೇ ತೋರಿಸಿದ್ದು.

ತಿಂಗಳ ಮೇಲೆ ಬಂದರು. ಮೀಟಿಂಗು ಕಮ್ಮಿ ಆಗಿಲ್ಲ. ಮೊಬೈಲ್ ಎಂಟ್ರಿ ಮಾತ್ರ ಶನಿವಾರಕ್ಕೆ ಹೋಗಿದೆ.

"ಅಜ್ಜಿ ಎಣ್ಣೆ ಹಚ್ಚಿಸಿಕೊಂಡ್ರಾ?"

"ಒಂದು ಕಾಲಿಗೆ, ಮೇಡಂ. ಇನ್ನೊಂದಕ್ಕೆ ಕಾಫಿ ಕುಡಿದಾದ ಮೇಲೆ ಅಂತ ಕೂರಿಸ್ಕೊಂಡ್ರು."