ದಸರಾ ಮುಗಿಸಿ ಸಿಯಾಟಲ್‌ಗೆ ಹೋದರೆ ಅಣಬೆ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಅಲ್ಲಿ ಅಕ್ಟೋಬರ್‌ನಲ್ಲಿ ಕಾಡಿಗೆ ಹೋಗಿ ಅರಿಶಿನ ಬಣ್ಣದ ಅಣಬೆ ಕಿತ್ತು ತರುತ್ತಾರಂತೆ. ನಮ್ಮಲ್ಲಿ ಮುಂಗಾರು ಬಿದ್ದ ಮೇಲೆ ಹುತ್ತದ ಹತ್ತಿರ ಏಳುತ್ತವೆ. ಅಲ್ಲಿ ಚಳಿಗೆ ಹೇಗೆ ಏಳುತ್ತವೆ? ನಾನು ದಸರಾ ಮುಗಿಸಿಕೊಂಡು ಹೊರಡುತ್ತಿದ್ದೇನೆ. ಚಿಕ್ಕಂದಿನಿಂದ ಅಣಬೆ ಕಿತ್ತು ಅಭ್ಯಾಸ ಇದೆ, ಅಲ್ಲೂ ಕೀಳಬಹುದಾ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಒಳ್ಳೇ ಸಮಯಕ್ಕೇ ಹೋಗುತ್ತಿದ್ದೀರಿ. ಅಲ್ಲೂ ಅಣಬೆ ಏಳುವುದು ಮಳೆಗೇ, ಆದರೆ ಅಲ್ಲಿನ ಮಳೆ ಲೆಕ್ಕ ಬೇರೆ.

ಮಂಡ್ಯ, ಮೈಸೂರು ಕಡೆ ನೆಲ ವರ್ಷಪೂರ್ತಿ ಬೆಚ್ಚಗಿರುತ್ತದೆ, ಅಣಬೆ ಕಾಯುವುದು ನೀರಿಗೆ ಮಾತ್ರ. ಅದಕ್ಕೇ ನಾವು ಮಳೆ ನಕ್ಷತ್ರ ನೋಡಿ ಅಂದಾಜು ಮಾಡುತ್ತೇವೆ. ಸಿಯಾಟಲ್ ಕಡೆ ಜುಲೈ, ಆಗಸ್ಟ್‌ನಲ್ಲಿ ಬಿಸಿ ಇದೆ, ನೀರಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ಬೇಕಾದಷ್ಟಿದೆ, ಬಿಸಿ ಇಲ್ಲ. ಎರಡೂ ಕೂಡಿ ನೆಲ ಹದಕ್ಕೆ ಬರುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಗಟ್ಟಿ ಹಿಮ ಬೀಳುವ ತನಕ. ಇನ್ನೊಂದು ಹದ ವಸಂತದಲ್ಲಿ, ಮಂಜು ಕರಗಿ ಮಣ್ಣು ಕಾಯುವಾಗ. ಏಪ್ರಿಲ್‌ನಿಂದ ಜೂನ್‌ವರೆಗೆ ಮೊರೆಲ್ ಎಂಬ ಅಣಬೆ ಏಳುತ್ತದೆ. ಹಿಂದಿನ ವರ್ಷ ಕಾಡ್ಗಿಚ್ಚು ಬಿದ್ದ ಜಾಗದಲ್ಲಂತೂ ಜಾಸ್ತಿ.

ನಿಮ್ಮ ಮಗಳು ಹೇಳಿದ್ದು ಶಾಂಟರೆಲ್ ಇರಬೇಕು. ಡಗ್ಲಸ್ ಫರ್, ಹೆಮ್‌ಲಾಕ್ ಮರಗಳ ಬೇರಿನ ಜೊತೆ ಕೊಟ್ಟು ತಗೊಂಡು ಬದುಕುವ ಅಣಬೆ ಅದು. ಪಕ್ಕದ ಆರೆಗಾನ್ ರಾಜ್ಯ 1999ರಲ್ಲಿ ಅದನ್ನು ತನ್ನ ರಾಜ್ಯ ಅಣಬೆ ಅಂತಲೇ ಘೋಷಿಸಿತು. ನಮ್ಮ ಹುತ್ತದ ಅಣಬೆ ಗೆದ್ದಲು ನೆಲದೊಳಗೆ ಸಾಕಿದ್ದು, ಎದ್ದ ಮೇಲೆ ಒಂದೆರಡು ದಿನದಲ್ಲಿ ಹುಳ ಬಿದ್ದು ಹೋಗುತ್ತದೆ, ಅಲ್ವಾ? ಶಾಂಟರೆಲ್ ನಿಧಾನವಾಗಿ ಬೆಳೆದು ವಾರಗಟ್ಟಲೆ ನಿಂತಿರುತ್ತದೆ. ಹಾಗಾಗಿ ಅವಸರ ಬೇಡ. ಕೊಡೆ ಮಗುಚಿ ನೋಡಿ. ಬಿಡಿ ಬಿಡಿಯಾದ ತೆಳು ಪದರ ಇರುವುದಿಲ್ಲ, ದಪ್ಪ ಗೆರೆಗಳು ಕವಲೊಡೆದು ಕಾಂಡದ ಮೇಲೆ ಇಳಿದಿರುತ್ತವೆ. ಸೀಳಿದರೆ ಒಳಗೆ ಬಿಳಿ.

ಇನ್ನು ನಿಮ್ಮ ಅಭ್ಯಾಸದ ಮಾತು. ದಯವಿಟ್ಟು ಇದನ್ನು ಗಮನ ಕೊಟ್ಟು ಓದಿ. ನಮ್ಮಲ್ಲಿ ಭತ್ತದ ಹುಲ್ಲಿನ ಮೇಲೆ ಏಳುವ ಅಣಬೆಗೆ ಬುಡದಲ್ಲಿ ಚೀಲ ಇರುತ್ತದಲ್ಲ, ಅದೇ ಥರ ಚೀಲ ಇರುವ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದೆ. ಸಿಯಾಟಲ್‌ನ ಬೀದಿ ಮರಗಳ ಕೆಳಗೂ ಏಳುತ್ತದೆ. ಏಷ್ಯಾದಿಂದ ಹೋದವರು ನಮ್ಮೂರಿನದೇ ಇದು ಅಂದುಕೊಂಡು ತಿಂದು ಪ್ರಾಣ ಕಳೆದುಕೊಂಡಿದ್ದಾರೆ. ಬೇಯಿಸಿದರೂ, ಒಣಗಿಸಿದರೂ ವಿಷ ಹೋಗುವುದಿಲ್ಲ. ತಿಂದು ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು, ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ. ನಡುವೆ ಒಂದು ದಿನ ಸುಧಾರಿಸಿದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ವಾಂತಿ ನಿಂತಿತು ಅಂತ ಸುಮ್ನೆ ಕೂರಬಾರದು, ಆಸ್ಪತ್ರೆಗೆ ಹೋಗಲೇಬೇಕು.

ನಿಮ್ಮ ಕಣ್ಣಿಗೆ ಪಾಂಡವಪುರದ ಅಣಬೆ ಗೊತ್ತು, ಅಲ್ಲಿನದು ಗೊತ್ತಿಲ್ಲ. ಮೊದಲ ಸಲ ಬಲ್ಲವರ ಜೊತೆಯಲ್ಲೇ ಹೋಗಿ. ಸಿಯಾಟಲ್‌ನಲ್ಲಿ 1964ರಿಂದ ಪ್ಯೂಜೆಟ್ ಸೌಂಡ್ ಮೈಕಲಾಜಿಕಲ್ ಸೊಸೈಟಿ ಎಂಬ ಅಣಬೆ ಆಸಕ್ತರ ಸಂಘ ಇದೆ. ಮಗಳಿಗೆ ಈಗಲೇ ಹೇಳಿ ವಿಚಾರಿಸಿಡಿ. ಯಾವ ಕಾಡಲ್ಲಿ ಎಷ್ಟು ಕೀಳಬಹುದು, ಪರ್ಮಿಟ್ ಬೇಕಾ ಅಂತಲೂ ಕೇಳಿಕೊಳ್ಳಲಿ, ಒಂದೊಂದು ಕಾಡಿಗೆ ಒಂದೊಂದು ನಿಯಮ ಇರುತ್ತದೆ.