ನೇಟಾಲ್ ಕಾನೂನು 1897ರಲ್ಲೇ ಏಕೆ ಬಂತು?

ದಕ್ಷಿಣ ಆಫ್ರಿಕಾದ ಬ್ರಿಟಿಷ್ ವಸಾಹತು ನೇಟಾಲ್, ಭಾರತೀಯರನ್ನು ತಡೆಯಲೆಂದು ವಲಸೆ ನಿರ್ಬಂಧ ಕಾನೂನನ್ನು 1897ರಲ್ಲೇ ತಂದದ್ದಕ್ಕೆ ಮುಂಬಯಿಯ ಪ್ಲೇಗ್ ಕಾರಣವೇ ಎಂದು ಕೇಳಿದ್ದೀರಿ. ಪ್ಲೇಗ್ ಒಂದು ನೆಪವಾಗಿ ಒದಗಿತು, ನಿಜ. ಆದರೆ ಕಾನೂನು ತರುವ ಮನಸ್ಸು ಅದಕ್ಕೂ ಹಳೆಯದು.

1893ರಲ್ಲಿ ಸ್ವಯಮಾಡಳಿತ ಸಿಕ್ಕ ಬೆನ್ನಿಗೇ ಬಿಳಿಯರ ಶಾಸನಸಭೆ ಭಾರತೀಯರ ಮತದಾನದ ಹಕ್ಕಿಗೆ ಕೈಹಾಕಿತು. ಜನಾಂಗವನ್ನು ಹೆಸರಿಸಿದ್ದ ಆ ಮಸೂದೆಗೆ ಲಂಡನ್ ಒಪ್ಪಲಿಲ್ಲ. ಜನಾಂಗದ ಹೆಸರೆತ್ತದ ಕಾನೂನು 1896ರಲ್ಲಿ ಪಾಸಾಯಿತು. ಜನಾಂಗದ ಹೆಸರೆತ್ತದೆ ಭಾರತೀಯರನ್ನು ಹೊರಗಿಡುವ ದಾರಿ ಅಲ್ಲಿಯೇ ಗೊತ್ತಾಗಿಹೋಗಿತ್ತು.

ಮುಹೂರ್ತ ಕೂಡಿಬಂದದ್ದು ಡರ್ಬನ್ ಬಂದರಿನಲ್ಲಿ. 1896ರ ಡಿಸೆಂಬರ್‌ನಲ್ಲಿ ಗಾಂಧೀಜಿಯಿದ್ದ ಕೋರ್ಲೆಂಡ್ ಮತ್ತು ನಾದರಿ ಹಡಗುಗಳನ್ನು ಪ್ಲೇಗ್ ಹೆಸರಿನಲ್ಲಿ ವಾರಗಟ್ಟಲೆ ಸಮುದ್ರದಲ್ಲೇ ತಡೆದರು. ಜನವರಿ 13ರಂದು, ಭಾರತೀಯರು ಇಳಿಯಬಾರದೆಂದು ದಡದಲ್ಲಿ ಸೇರಿದ್ದ ಬಿಳಿಯರ ಗುಂಪನ್ನು ಅಟಾರ್ನಿ ಜನರಲ್ ಹ್ಯಾರಿ ಎಸ್ಕೋಂಬ್ ಚದುರಿಸಿದ್ದು, ಶಾಸನಸಭೆಯನ್ನು ಬೇಗನೆ ಕರೆದು ಕಾನೂನು ಮಾಡುವ ಭರವಸೆ ಕೊಟ್ಟೇ. ಮುಂದಿನ ತಿಂಗಳೇ ಆತ ಪ್ರಧಾನಿಯಾದ. ಕೆಲವೇ ತಿಂಗಳಲ್ಲಿ ಕ್ವಾರಂಟೈನ್, ವ್ಯಾಪಾರ ಪರವಾನಗಿ, ವಲಸೆ ನಿರ್ಬಂಧ ಕಾನೂನುಗಳು ಒಟ್ಟಿಗೇ ಬಂದವು.

ವಲಸೆ ಕಾನೂನಿನ ಪ್ರಕಾರ, ಯುರೋಪಿನ ಯಾವುದಾದರೊಂದು ಭಾಷೆಯ ಲಿಪಿಯಲ್ಲಿ ಅರ್ಜಿ ಬರೆಯಲಾಗದವನಿಗೆ ಪ್ರವೇಶವಿಲ್ಲ. ಗುಜರಾತಿಯಲ್ಲಿ ಲೆಕ್ಕ ಬರೆಯುವ ನುರಿತ ವ್ಯಾಪಾರಿಯೂ ಇಲ್ಲಿ ಅನಕ್ಷರಸ್ಥ! ಕಬ್ಬಿನ ತೋಟಗಳಿಗೆ ಬೇಕಾದ, ಅದೇ ಭಾರತದಿಂದ ಬರುವ ಕರಾರು ಕೂಲಿಗಳಿಗೆ ಮಾತ್ರ ವಿನಾಯಿತಿ. ಪ್ಲೇಗ್ ಭಯವೇ ನಿಜವಾಗಿದ್ದರೆ ಈ ವಿನಾಯಿತಿ ಏಕೆ? ನನ್ನನ್ನು ಇಂದಿಗೂ ಕೆರಳಿಸುವುದು ಇದೇ.

ಅದೇ ವರ್ಷ ಲಂಡನ್ನಿನ ವಸಾಹತು ಸಮ್ಮೇಳನದಲ್ಲಿ ಸಚಿವ ಜೋಸೆಫ್ ಚೇಂಬರ್ಲೇನ್ ಈ ಮಾದರಿಯನ್ನು ಇತರ ವಸಾಹತುಗಳಿಗೂ ಸೂಚಿಸಿದರು. ಬೇಡದ ವಲಸಿಗರನ್ನು ಹೊರಗಿಡಲು 1901ರಲ್ಲಿ ಆಸ್ಟ್ರೇಲಿಯಾ ತಂದ ಉಕ್ತಲೇಖನ ಪರೀಕ್ಷೆಯ ಬೇರು ಇಲ್ಲಿದೆ.